ಚೆನ್ನಾಗಿದ್ರಾ ಅಂತ ಕೇಳಿದವರು

ಕೆಲಸಕ್ಕೆ ಹೋಗು ಹೋಗು ಎಂದು ಬೆನ್ನು ಹತ್ತಿ ಕಳಿಸಿದವರೂ ಅತ್ತೆಯೇ. ವರ್ಷ ತುಂಬುವ ಮೊದಲೇ ಬಿಡು ಬಿಡು ಎಂದು ಬೆನ್ನು ಹತ್ತಿದವರೂ ಅತ್ತೆಯೇ. ಸೊಸೆಗೆ ಇದರ ತಲೆಬುಡ ತಿಳಿಯಲಿಲ್ಲ.

ಕೆಲಸವೇನೂ ಕೆಟ್ಟದ್ದಾಗಿರಲಿಲ್ಲ. ವಿಶ್ವವಿದ್ಯಾಲಯದ ಹಿಂಭಾಗದಲ್ಲಿ, ಗ್ರಂಥಾಲಯಕ್ಕೂ ಸೈಕಲ್ ಸ್ಟ್ಯಾಂಡಿಗೂ ನಡುವೆ, ಹಳೆಯದೊಂದು ಮಹಡಿ ಕಟ್ಟಡವಿತ್ತು. ಮನೆಗಳ ಒಳಗೆ ಹೆಂಗಸರ ಮೇಲೆ ನಡೆಯುವ ಹಿಂಸೆ ಎಂಥದ್ದು, ಅದರಿಂದ ಒಂದು ಓಣಿಯ ನೆಮ್ಮದಿ ಹೇಗೆ ಕೆಡುತ್ತದೆ, ಕೆಟ್ಟ ನೆಮ್ಮದಿ ಮತ್ತೆ ಹೇಗೆ ಮರಳುತ್ತದೆ ಎಂದು ಅಭ್ಯಾಸ ಮಾಡುವ ಕೇಂದ್ರ ಅದು. ಸಂಶೋಧನೆಯ ಹುಡುಗಿಯರು ಬಡಾವಣೆ ಬಡಾವಣೆ ಸುತ್ತಿ, ಜನರನ್ನು ಮಾತಾಡಿಸಿ, ರೆಕಾರ್ಡ್ ಮಾಡಿಕೊಂಡು ಬರುತ್ತಿದ್ದರು. ಆ ಮಾತನ್ನು ಹೆಡ್‌ಫೋನಿನಲ್ಲಿ ಕೇಳಿ, ಹೇಳಿದ್ದನ್ನು ಹೇಳಿದ ಹಾಗೇ ಟೈಪು ಮಾಡುವುದು ಸೊಸೆಯ ಪಾಲಿನ ಕೆಲಸ. ಕಾಲ ಬುಡದಲ್ಲಿ ಹೊಲಿಗೆ ಮೆಷಿನ್ನಿನದರಂಥ ಪೆಡಲು. ಒತ್ತಿದರೆ ಮಾತು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ನಕ್ಕರೆ ‘ನಗು’ ಎಂದೂ, ಅತ್ತರೆ ‘ಅಳು’ ಎಂದೂ, ಸುಮ್ಮನಾದರೆ ‘ಮೌನ’ ಎಂದೂ ಬರೆಯಬೇಕು. ಯಾರದಾದರೂ ಹೆಸರು ಬಂದರೆ ಆ ಜಾಗದಲ್ಲಿ ಒಂದು ಗೆರೆ. ಕೇಳಿದ ಮಾತು ಆ ಕಟ್ಟಡದ ಹೊಸ್ತಿಲು ದಾಟುವಂತಿಲ್ಲ. ಅಕಸ್ಮಾತ್ ಗುರುತಿನವರ ದನಿ ಕೇಳಿಬಂದರೆ ಅಲ್ಲಿಗೇ ನಿಲ್ಲಿಸಿ, ಕೇಂದ್ರ ನಡೆಸುವ ಮೇಡಂಗೆ ಹಿಂದಿರುಗಿಸಬೇಕು.

ಇದನ್ನೆಲ್ಲ ಅವಳು ಮನೆಯಲ್ಲಿ ಬಿಡಿಸಿ ಹೇಳಿದ್ದು ಒಂದೇ ಸಲ, ಮಗಳು ಕೇಳಿದಳೆಂದು. ಮಗಳು ಹೈಸ್ಕೂಲಿನವಳು. ಒಂದು ಮಾತಿಗೆ ಎರಡು ಪ್ರತಿಮಾತು ಕೊಡುತ್ತಿದ್ದುದರಿಂದ ಮನೆಯವರೆಲ್ಲ ಲಾಯರಮ್ಮ ಎನ್ನುತ್ತಿದ್ದರು.

“ಅಮ್ಮ, ನೀನು ಏನು ಕೆಲಸ ಮಾಡ್ತೀಯ ಅಂತ ಟೀಚರ್ ಕೇಳಿದ್ರು. ಟೈಪಿಂಗು ಅಂದೆ. ಏನು ಟೈಪಿಂಗು ಅಂದ್ರು. ಗೊತ್ತಿಲ್ಲ ಅಂದೆ. ಮಾನ ಹೋಯ್ತು.”

ಊಟಕ್ಕೆ ಬಡಿಸುತ್ತಲೇ ಸೊಸೆ ಹೇಳಿದಳು. ಅತ್ತೆಯ ಕೈಯ ಸೌಟು ಪಾತ್ರೆಯ ಮೇಲೆಯೇ ನಿಂತಿತು.

“ಯಾರ ಮಾತನ್ನ ಕೇಳ್ತೀಯ?”

“ಯಾರು ಮಾತಾಡಿದ್ರೆ ಅವರದ್ದು, ಅತ್ತೆ.”

“ಎಲ್ಲಾರದ್ದೂ ನೀನೇನಾ?”

“ಇನ್ನೂ ಇಬ್ಬರಿದ್ದಾರೆ. ಹಂಚ್ಕೊಂಡು ಕೇಳ್ತೀವಿ.”

“ನಾನು ಅರ್ಜಿ-ಗಿರ್ಜಿ ಟೈಪ್ ಮಾಡ್ತೀಯ ಅಂದ್ಕೊಂಡಿದ್ದೆ,” ಎಂದರು ಅತ್ತೆ. ಅವತ್ತು ಅವರು ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆಯೇ ಶುರುವಾಯಿತು. ಒಂದು ದಿನ ಕಣ್ಣು ಹಾಳಾಗುತ್ತದೆ ಎಂದರು. ಇನ್ನೊಂದು ದಿನ ಕಿವಿ. ಆಮೇಲೆ ಲಾಯರಮ್ಮನ ಪರೀಕ್ಷೆ. ಅದೂ ಮುಗಿದ ಮೇಲೆ, “ಬೇರೆಯವರ ಮನೆ ಹೊಲಸು ನಮಗ್ಯಾಕೆ?” ಎಂದರು. ಮೊಣಕಾಲು ನೋವಿಗೆ ಆರೋಗ್ಯ ಕೇಂದ್ರದಲ್ಲಿ ವಾರವಾರ ವ್ಯಾಯಾಮ ಹೇಳಿಕೊಡುತ್ತಿದ್ದರು. ಒಂದು ದಿನವೂ ತಪ್ಪಿಸದಿದ್ದ ಅತ್ತೆ ಅಲ್ಲಿಗೂ ಹೋಗುವುದನ್ನು ಬಿಟ್ಟರು.

ಅಮ್ಮ ಎಳೆದ ಗೆರೆ ದಾಟದ ಮಗ, ಸೊಸೆಯ ಗಂಡ, ಇದಕ್ಕೆ ತನ್ನ ಒಗ್ಗರಣೆಯನ್ನೂ ಹಾಕಿದ. ಅವನು ಬಡಗಿ. ಮನೆಗೆ ಅಂಟಿಕೊಂಡೇ ಅವನ ಮರಗೆಲಸದ ಶೆಡ್ಡು. ಕೈಕೆಲಸದಲ್ಲಿ ಅಚ್ಚುಕಟ್ಟು, ಮಾತಿನಲ್ಲಿ ಸ್ವಲ್ಪ ಒರಟು, ರಜೆಯ ದಿನ ಅಡುಗೆ ತನ್ನದೇ ಎಂದು ಹಟ ಹಿಡಿಯುವಷ್ಟು ಒಳ್ಳೆಯವನು.

“ಅಮ್ಮ ಹೇಳೋದ್ರಲ್ಲಿ ತಪ್ಪೇನಿದೆ?” ಎಂದ ಒಂದು ಮಧ್ಯಾಹ್ನ. “ಅಲ್ಲಿಗೆ ಹೋದ ಮೇಲೆ ನಿಂಗೆ ಗಂಡಸರೆಲ್ಲ ರಾಕ್ಷಸರ ಥರ ಕಾಣ್ತಾರೆ.”

“ಎಲ್ಲರೂ ಅಲ್ಲ ಬಿಡಿ.”

“ಪಲ್ಯಕ್ಕೆ ಉಪ್ಪಿಲ್ಲ ಅನ್ನೋಕೂ ಭಯ ಆಗುತ್ತೆ ಈ ಮನೇಲಿ. ಎಲ್ಲಿ ರೆಕಾರ್ಡ್ ಮಾಡ್ಕೋತೀಯೋ ಅಂತ.”

“ಪಲ್ಯ ಮಾಡಿದ್ದು ನೀನೇ ಅಪ್ಪ,” ಎಂದಳು ಲಾಯರಮ್ಮ.

ಎಲ್ಲರೂ ನಕ್ಕರು. ಅತ್ತೆ ಮಾತ್ರ ನಗಲಿಲ್ಲ.

ಅದೇ ದಿನಗಳಲ್ಲಿ ಮಗನಿಗೆ ಒಂದು ಸಂಭ್ರಮ ಒದಗಿಬಂತು. ಅವನ ಅಪ್ಪನೂ ಬಡಗಿಯೇ. ತೀರಿಕೊಂಡು ಬಹಳ ವರ್ಷವಾಗಿದ್ದರೂ ಊರಿನವರ ಬಾಯಲ್ಲಿ ಅವರು ಇನ್ನೂ ದೊಡ್ಡ ಮೇಸ್ತ್ರಿ. ಊರಿನ ಅರ್ಧ ಶಾಲೆಗಳ ಬೆಂಚು ಅವರ ಕೈಯವು. ಹತ್ತು ಮಕ್ಕಳು ಕುಣಿದರೂ ಕಿರುಗುಟ್ಟುವುದಿಲ್ಲ ಎಂದು ಜನ ಈಗಲೂ ಹೇಳುತ್ತಿದ್ದರು. ಬಡಗಿಗಳ ಸಂಘದವರು ಎಳೆಯರಿಗೆ ಕೆಲಸ ಕಲಿಸಲು ಒಂದು ಶಾಲೆ ಕಟ್ಟಿದ್ದರು. ಅದಕ್ಕೆ ದೊಡ್ಡ ಮೇಸ್ತ್ರಿಯ ಹೆಸರಿಡುವುದೆಂದು ತೀರ್ಮಾನವಾಯಿತು. ಗೋಡೆಗೆ ದೊಡ್ಡ ಫೋಟೊ. ಗಾಜಿನ ಪೆಟ್ಟಿಗೆಯಲ್ಲಿ ಅವರ ಹತಾರಗಳು. ವೇದಿಕೆಯ ಮೇಲೆ ಅವರ ಹೆಂಡತಿಯ ಎರಡು ಮಾತು.

“ನಂಗೆ ಮಾತಾಡೋಕೆ ಬರಲ್ಲ,” ಎಂದರು ಅತ್ತೆ.

“ಎರಡೇ ಮಾತು ಅಮ್ಮ.”

“ಮೊಣಕಾಲು ನೋವು. ಮೆಟ್ಟಿಲು ಹತ್ತೋಕಾಗಲ್ಲ.”

“ಎತ್ಕೊಂಡು ಹೋಗ್ತೀನಿ.”

“ನಾನೇನು ಕುರ್ಚಿನಾ?” ಎಂದು ಅತ್ತೆ ಎದ್ದು ಹೋದರು.

*

ಕೇಂದ್ರದ ಟೈಪಿಂಗ್ ಕೋಣೆ ಮಹಡಿಯ ಮೂಲೆಯಲ್ಲಿತ್ತು. ಹೊರಗಿನ ಸದ್ದು ಬರಬಾರದೆಂದು ಕಿಟಕಿಗೆ ದಪ್ಪ ಪರದೆ. ಸೊಸೆ ಅವತ್ತು ಚಹಾ ಕುಡಿದು ಬಂದು ಹೊಸ ರೆಕಾರ್ಡಿಂಗ್ ತೆರೆದಳು. ವಯಸ್ಸಾದ ಹೆಂಗಸರ ಜೊತೆ ಆಡಿದ ಮಾತುಗಳ ಕಂತೆ ಅದು. ಪೆಡಲು ಒತ್ತಿದಳು. ಮೊದಲು ಕುರ್ಚಿ ಎಳೆದ ಸದ್ದು, ದೂರದಲ್ಲಿ ಯಾರೋ ಹೆಜ್ಜೆ ಎಣಿಸುವ ಸದ್ದು. ಸಂಶೋಧನೆಯ ಹುಡುಗಿ ಮೆಲ್ಲಗೆ ಕೇಳುತ್ತಿದ್ದಳು, ಮದುವೆಯಾದ ಹೊಸತರಲ್ಲಿ ಮನೆ ಹೇಗಿತ್ತು, ಭಯ ಅನ್ನಿಸುತ್ತಿತ್ತಾ ಎಂದು.

ಉತ್ತರ ತಡವಾಗಿ ಬಂತು. ಸೊಸೆ ‘ಮೌನ’ ಎಂದು ಟೈಪು ಮಾಡಿದಳು.

“ಭಯ ಅಂದ್ರೆ... ಅವರು ಬಾಗಿಲ ಹತ್ರ ಚಪ್ಪಲಿ ಬಿಡೋ ಸದ್ದಿನಲ್ಲೇ ಗೊತ್ತಾಗ್ತಿತ್ತು ತಾಯಿ, ಇವತ್ತು ಹೇಗೆ ಅಂತ. ಎರಡು ಚಪ್ಪಲೀನೂ ಒಟ್ಟಿಗೆ ಬಿದ್ರೆ ಪರವಾಗಿಲ್ಲ. ಒಂದು ಬಿದ್ದು, ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಬಿದ್ರೆ...” ಮತ್ತೆ ಮೌನ. ಒಂದು ಸಣ್ಣ ನಗು. “ಅದಿರಲಿ, ನೀನು ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯಾ? ಮುಖ ಬಾಡಿದೆಯಲ್ಲ.”

ಸೊಸೆಯ ಕಾಲು ಪೆಡಲಿನಿಂದ ತಾನಾಗಿ ಮೇಲೆದ್ದಿತು.

ಇಷ್ಟು ವರ್ಷ ಬಾಗಿಲು ತೆರೆದಾಗಲೆಲ್ಲ ಕೇಳಿದ ಮಾತು ಅದು. ಬಾಣಂತನದಲ್ಲಿ, ಜ್ವರದಲ್ಲಿ, ಜಗಳವಾಡಿ ಮುಖ ತಿರುಗಿಸಿಕೊಂಡ ದಿನಗಳಲ್ಲೂ ಕೇಳಿದ ಮಾತು. ಬೇರೆ ಯಾರ ಬಾಯಲ್ಲೂ ಅದು ಹಾಗೆ ಬರಲು ಸಾಧ್ಯವಿರಲಿಲ್ಲ.

ಕೋಣೆಯಲ್ಲಿ ಉಳಿದಿಬ್ಬರು ತಮ್ಮ ಪಾಡಿಗೆ ಟೈಪು ಮಾಡುತ್ತಿದ್ದರು. ಇನ್ನೊಂದು ಸಲ ಕಾಲು ಒತ್ತಿದರೆ ಸಾಕಿತ್ತು. ಎಲ್ಲವೂ ಗೊತ್ತಾಗುತ್ತಿತ್ತು, ಕೇಳಿದಳೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳಿಗೆ ಆಸೆಯಾಗಲಿಲ್ಲ ಎಂದಲ್ಲ. ಆಯಿತು, ಚೆನ್ನಾಗಿಯೇ ಆಯಿತು. ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡು, ಹೆಡ್‌ಫೋನ್ ಕಳಚಿ, ಎದ್ದು ಮೇಡಂ ಕೋಣೆಗೆ ಹೋದಳು.

“ಇದು ನನ್ನಿಂದ ಆಗಲ್ಲ ಮೇಡಂ. ದನಿ ಗುರುತು ಸಿಕ್ತು.”

ಮೇಡಂ ಯಾರದು ಎಂದು ಕೇಳಲಿಲ್ಲ. “ಎಷ್ಟು ಕೇಳಿದ್ರಿ?” ಎಂದರು.

“ಗೊತ್ತಾಗುವಷ್ಟು.”

“ಸರಿ, ಬೇರೆಯವರಿಗೆ ಕೊಡ್ತೀನಿ. ನೀವು ಮನೆಗೆ ಹೋಗ್ತೀರಾ ಇವತ್ತು?”

“ಮನೆಗಾ?” ಎಂದಳು ಸೊಸೆ. ಅವಳಿಗೆ ನಗು ಬಂತು, ಯಾಕೆಂದು ಹೇಳುವಂತಿರಲಿಲ್ಲ. “ಬೇಡ ಮೇಡಂ. ಬೇರೆ ಏನಾದ್ರೂ ಕೊಡಿ, ಮಾಡ್ತೀನಿ.”

*

ಆಮೇಲಿನ ವಾರಗಳು ಅವಳಿಗೆ ಬಿಸಿ ತುಪ್ಪವಾದವು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಅತ್ತೆ ನೆಲ ಒರೆಸಲು ಬಗ್ಗಿದರೆ ಬಕೆಟ್ಟು ಕಸಿದುಕೊಳ್ಳುತ್ತಿದ್ದಳು. ಅವರ ತಟ್ಟೆಗೆ ಮೊದಲು ಬಡಿಸುತ್ತಿದ್ದಳು. ಕೆಲಸ ಬಿಡು ಎಂದು ಅತ್ತೆ ರಾಗ ತೆಗೆದರೆ ಎದುರಾಡದೆ, “ನೋಡೋಣ ಅತ್ತೆ,” ಎನ್ನುತ್ತಿದ್ದಳು. ಗಂಡ ಸಮಾರಂಭದ ಮಾತೆತ್ತಿದಾಗ ಒಮ್ಮೆ ತಡೆಯಲಾಗದೆ ಬಾಯಿ ಹಾಕಿದಳು.

“ಅವರಿಗೆ ಇಷ್ಟ ಇಲ್ಲ ಅಂದ್ಮೇಲೆ ಬಿಡಿ ರೀ.”

“ಇದು ತಾಯಿ ಮಗನ ವಿಷಯ. ನೀನ್ಯಾಕೆ ಮಧ್ಯೆ ಮೂಗು ತೂರಿಸ್ತೀಯ?”

“ನಾನು ಈ ಮನೆಯವಳಲ್ವಾ?”

“ಮನೆಯವಳಾದ್ರೆ ನಮ್ಮಪ್ಪನ ಮರ್ಯಾದೆ ನಿಂದೂ ಆಗಬೇಕು.”

ಅವಳು ಅಡುಗೆಮನೆಗೆ ನಡೆದಳು.

ಅತ್ತೆಯ ಕಣ್ಣು ಮಾತ್ರ ಹದ್ದಿನ ಕಣ್ಣು. ಒಂದು ಬೆಳಿಗ್ಗೆ ತಾರಸಿಯಲ್ಲಿ ಇಬ್ಬರೂ ಬಟ್ಟೆ ಒಣಗಿಸುತ್ತಿದ್ದರು. ದೊಡ್ಡ ಹೊದಿಕೆಯೊಂದರ ಆ ತುದಿ ಅವರ ಕೈಲಿ, ಈ ತುದಿ ಇವಳ ಕೈಲಿ. ಹಿಂಡುತ್ತ ಹಿಂಡುತ್ತ ಅತ್ತೆ ಕೇಳಿದರು.

“ಇತ್ತೀಚೆಗೆ ನಂಗೆ ಭಾರಿ ಉಪಚಾರ ನಡೀತಿದೆ. ಏನು ಸಮಾಚಾರ?”

“ಏನಿಲ್ಲ ಅತ್ತೆ.”

“ನನ್ನ ಮಾತು ನಿನ್ನ ಕಿವಿಗೆ ಬಿತ್ತಾ?”

ಹೊದಿಕೆಯಿಂದ ನೀರು ಇಬ್ಬರ ಕಾಲ ಮೇಲೂ ಸುರಿಯಿತು. ಸೊಸೆಗೆ ಸುಳ್ಳು ಹೇಳಲು ಬರಲಿಲ್ಲ.

“ಸ್ವಲ್ಪ ಬಿತ್ತು. ನಿಮ್ಮ ದನಿ ಅಂತ ಗೊತ್ತಾದ ತಕ್ಷಣ ನಿಲ್ಲಿಸಿ ವಾಪಸ್ ಕೊಟ್ಟುಬಿಟ್ಟೆ. ಚಪ್ಪಲಿ ಸದ್ದಿನವರೆಗೆ ಮಾತ್ರ ಕೇಳಿದ್ದು. ಆಣೆ ಮಾಡಿ ಹೇಳ್ತೀನಿ.”

ಅತ್ತೆ ಹೊದಿಕೆಯ ತುದಿ ಬಿಡಲಿಲ್ಲ. “ಅಯ್ಯೋ ಪೆದ್ದಿ, ಪೂರ್ತಿ ಕೇಳಬಾರದಿತ್ತಾ?” ಎಂದರು. “ಈಗ ಮತ್ತೆ ಮೊದಲಿಂದ ಹೇಳಬೇಕು.”

“ಹೇಳಲೇಬೇಕು ಅಂತೇನಿಲ್ಲ ಅತ್ತೆ.”

“ಹೇಳ್ತೀನಿ. ಇದನ್ನ ಮೊದಲು ಹಗ್ಗಕ್ಕೆ ಹಾಕು, ಕೈ ಸೋತುಹೋಯ್ತು.”

ಹೊದಿಕೆ ಹಾಕಿ, ಅದರ ನೆರಳಿನಲ್ಲಿ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತರು. ಅತ್ತೆ ಹೇಳಿದ್ದು ಉದ್ದವೇನೂ ಇರಲಿಲ್ಲ. ದೊಡ್ಡ ಮೇಸ್ತ್ರಿ ಕುಡಿಯುತ್ತಿರಲಿಲ್ಲ, ಜೂಜಾಡುತ್ತಿರಲಿಲ್ಲ, ಹೊರಗಿನವರಿಗೆ ಗಟ್ಟಿ ದನಿಯಲ್ಲಿ ಒಂದು ಮಾತು ಆಡಿದವರಲ್ಲ. ಹೊರಗೆ ನುಂಗಿದ ಸಿಟ್ಟೆಲ್ಲ ಮನೆಗೆ ಬರುತ್ತಿತ್ತು. ಅನ್ನ ಮುದ್ದೆಯಾದರೆ, ಬಾಗಿಲು ತೆಗೆಯಲು ತಡವಾದರೆ, ಕೆಲವು ಸಲ ಏನೂ ಆಗದಿದ್ದರೂ, ಕೈಯಲ್ಲಿದ್ದ ಮರದ ಅಳತೆಪಟ್ಟಿ ಬೀಸುತ್ತಿದ್ದರು. ಹಿತ್ತಾಳೆಯ ತುದಿ ಇದ್ದ ಅಳತೆಪಟ್ಟಿ. ಮುಖಕ್ಕೆ ಯಾವತ್ತೂ ಹೊಡೆಯುತ್ತಿರಲಿಲ್ಲ. ಬಟ್ಟೆ ಮುಚ್ಚುವ ಕಡೆ ಮಾತ್ರ.

“ಕೆಲಸದಲ್ಲಿ ಹೇಗೋ ಇದರಲ್ಲೂ ಹಾಗೆ. ಅಚ್ಚುಕಟ್ಟು,” ಎಂದರು ಅತ್ತೆ.

“ಯಾರಿಗೂ ಹೇಳಲಿಲ್ವಾ?”

“ಯಾರಿಗೆ ಹೇಳ್ಲಿ? ಊರೆಲ್ಲ ಅವರು ಮಾಡಿದ ಬೆಂಚಿನ ಮೇಲೇ ಕೂತಿತ್ತು.”

“ಮತ್ತೆ ಆ ಹುಡುಗಿಗೆ ಹೇಗೆ ಹೇಳಿದ್ರಿ?”

ಅತ್ತೆ ಮೊಣಕಾಲು ಸವರಿಕೊಂಡರು. “ವ್ಯಾಯಾಮ ಮುಗಿಸಿ ಕೂತಿದ್ದೆ. ಬಂದು ಪಕ್ಕದಲ್ಲಿ ಕೂತಳು. ಚೆನ್ನಾಗಿದ್ದೀರಾ ಅಂತ ಎಲ್ಲಾರೂ ಕೇಳ್ತಾರೆ. ನೀವು ಆಗ ಚೆನ್ನಾಗಿದ್ರಾ ಅಂತ ಅವಳು ಕೇಳಿದಳು. ಹಾಗೆ ಅದುವರೆಗೂ ಯಾರೂ ಕೇಳಿರಲಿಲ್ಲ ನೋಡು. ಬಾಯಿ ತೆರೆದೆ, ಬಂದುಬಿಡ್ತು.” ಕಟ್ಟೆಯಿಂದ ಏಳುತ್ತ, “ಇವನಿಗೆ ಹೇಳಬೇಡ,” ಎಂದರು. “ಅವನಿಗೆ ಅಪ್ಪ ಬೇಕು. ಇರಲಿ, ಇಟ್ಕೊಳ್ಳಲಿ.”

ಅವತ್ತಿನಿಂದ ಅತ್ತೆ ಕೆಲಸ ಬಿಡು ಎನ್ನಲಿಲ್ಲ. ವ್ಯಾಯಾಮಕ್ಕೂ ಮತ್ತೆ ಹೊರಟರು.

*

ಆದರೆ ಮಗ ಬಿಡಬೇಕಲ್ಲ. ಸಮಾರಂಭ ಹತ್ತಿರವಾದಂತೆ ಅವನ ಉತ್ಸಾಹ ಏರಿತು. ಒಂದು ರಜೆಯ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಿದ್ದಾಗ, ಅಪ್ಪನ ಹತಾರದ ಪೆಟ್ಟಿಗೆ ಹೊತ್ತು ತಂದ. ಎಣ್ಣೆ ಹಾಕಿ ಉಜ್ಜಿ ಹೊಸದರಂತೆ ಮಾಡಿದ್ದ. ಉಳಿ, ಗರಗಸ, ಸುತ್ತಿಗೆ ಎಂದು ಒಂದೊಂದಾಗಿ ಊಟದ ಮೇಜಿನ ಮೇಲೆಯೇ ಜೋಡಿಸಿದ. ಕೊನೆಗೆ ಅಳತೆಪಟ್ಟಿ ತೆಗೆದು ಅಮ್ಮನ ತಟ್ಟೆಯ ಪಕ್ಕದಲ್ಲಿಟ್ಟ. ಹಿತ್ತಾಳೆಯ ತುದಿ ಥಳಥಳ ಹೊಳೆಯುತ್ತಿತ್ತು.

“ಇದನ್ನ ಎಲ್ಲಕ್ಕಿಂತ ಮುಂದೆ ಇಡೋದು,” ಎಂದ. “ಅಪ್ಪನ ಕೈ ಬಿಟ್ಟಿದ್ದೇ ಇಲ್ಲ ಇದು. ಅಮ್ಮ, ನೀನು ಹೆಚ್ಚೇನೂ ಹೇಳಬೇಡ. ‘ನಮ್ಮ ಯಜಮಾನರು ಮನೇಲಿ ಒಂದು ದಿನ ಸಿಟ್ಟಾದವರಲ್ಲ’ ಅಂತ ಹೇಳಿ ಕೂತ್ಕೊ. ಸಾಕು.”

ಅತ್ತೆ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದರು.

“ಅದನ್ನ ಹೇಳಲ್ಲ.”

“ಯಾಕಮ್ಮ?”

“ಸುಳ್ಳು, ಅದಕ್ಕೆ.”

“ಏನು ಸುಳ್ಳು?”

“ಈ ಪಟ್ಟೀಲಿ ಅವರು ಮರ ಅಳೆದಷ್ಟೇ ನನ್ನ ಬೆನ್ನೂ ಅಳೆದಿದ್ದಾರೆ ಕಣೋ.” ಅವರ ದನಿ ಏರಲಿಲ್ಲ, ಉಪ್ಪು ಕಡಿಮೆಯಾಗಿದೆ ಎಂದು ಹೇಳುವ ಹಾಗೇ ಇತ್ತು. “ಎಡಗೈ ಮೇಲೆತ್ತೋಕಾಗಲ್ಲ, ಜಾರಿ ಬಿದ್ದಿದ್ದು ಅಂತ ನಿಂಗೆ ಹೇಳಿದ್ದೀನಲ್ಲ. ಜಾರಿ ಬಿದ್ದಿದ್ದಲ್ಲ.”

ಮಗ ಅಮ್ಮನನ್ನು ನೋಡಿದ, ಹೆಂಡತಿಯತ್ತ ತಿರುಗಿದ.

“ಇದೆಲ್ಲ ನೀನೇ ತುಂಬಿದ್ದು. ಆ ಕೇಂದ್ರದಿಂದ ತಂದು ತುಂಬಿದ್ದು!”

“ಅವಳನ್ನ ಯಾಕೆ ಅಂತೀಯ?” ಎಂದರು ಅತ್ತೆ. “ನಾನು ಅಲ್ಲಿಯವರ ಹತ್ರ ಹೇಳ್ಕೊಂಡಿದ್ದೆ. ಅದು ಇವಳ ಕಿವಿಗೇ ಬಂದು ಬಿತ್ತು. ನನ್ನ ದನಿ ಅಂತ ಗೊತ್ತಾದ ಕೂಡಲೇ ಕಿವಿ ಮುಚ್ಕೊಂಡಳು, ಮನೇಲಿ ತುಟಿ ಬಿಚ್ಚಲಿಲ್ಲ. ಆಮೇಲೆ ನಾನೇ ಕೂರಿಸಿ ಹೇಳಿದ್ದು.”

“ಮನೆ ಮಾತನ್ನ ಹೊರಗಿನವರಿಗೆ ಹೇಳಿದ್ಯಾ?”

“ಮನೇಲಿ ಯಾರೂ ಕೇಳಲಿಲ್ವಲ್ಲಪ್ಪ.”

ಅವನು ಹತಾರಗಳನ್ನು ಗಲಗಲ ಎಂದು ಪೆಟ್ಟಿಗೆಗೆ ತುಂಬಿಕೊಂಡು ಶೆಡ್ಡಿಗೆ ಹೊರಟುಹೋದ. ತಟ್ಟೆಯ ಅನ್ನ ಹಾಗೇ ಉಳಿಯಿತು.

ಮನೆಯಲ್ಲಿ ಮಾತು ಬತ್ತಿತು. ಊಟವನ್ನು ಲಾಯರಮ್ಮ ಶೆಡ್ಡಿಗೆ ಒಯ್ದು ಕೊಡುತ್ತಿದ್ದಳು. ಖಾಲಿ ಡಬ್ಬಿ ತೊಳೆದು ವಾಪಸ್ ಬರುತ್ತಿತ್ತು. ಡಬ್ಬಿ ತೊಳೆಯುವಷ್ಟು ಮನುಷ್ಯತ್ವ ಉಳಿದಿದೆ ಎಂದು ಸೊಸೆ ಸಮಾಧಾನ ತಂದುಕೊಂಡಳು. ಬೆಳಿಗ್ಗೆ ಅವನು ಸ್ನಾನಕ್ಕೆ ಬಂದಾಗ ಅವಳು ಟವೆಲು ಕೊಟ್ಟರೆ ಇಸಿದುಕೊಳ್ಳುತ್ತಿದ್ದ, ಮುಖ ನೋಡುತ್ತಿರಲಿಲ್ಲ. ಶೆಡ್ಡಿನಿಂದ ದಿನವಿಡೀ ಗರಗಸದ ಸದ್ದು. ಅಷ್ಟು ಮರ ಕೊಯ್ಯುವಂಥ ಕೆಲಸ ಆಗ ಅವನ ಕೈಯಲ್ಲಿ ಇರಲಿಲ್ಲ.

“ನಿಮ್ಮಪ್ಪ ಏನು ಮಾಡ್ತಿದ್ದಾನೆ?” ಎಂದು ಅತ್ತೆ ಕೇಳಿದರೆ, “ಮರದ ಪುಡಿ ಮಾಡ್ತಿದ್ದಾನೆ ಅಜ್ಜಿ,” ಎನ್ನುತ್ತಿದ್ದಳು ಮೊಮ್ಮಗಳು.

ಒಂದು ಸಂಜೆ ಲಾಯರಮ್ಮ ಅಜ್ಜಿಯ ಮಂಚದ ಮೇಲೆ ಹತ್ತಿ ಕೂತು, “ನೀನು ಯಾಕೆ ಬಿಟ್ಟು ಹೋಗಲಿಲ್ಲ?” ಎಂದು ಕೇಳಿಯೇಬಿಟ್ಟಳು. ಸೊಸೆ ಅಡುಗೆಮನೆಯಿಂದ ಗದರಲು ಹೊರಟವಳು ತಡೆದುಕೊಂಡಳು.

“ಹೋಗಿದ್ದೆ,” ಎಂದರು ಅತ್ತೆ. “ಬಸ್ ನಿಲ್ದಾಣದವರೆಗೆ. ಯಾವ ಬಸ್ಸು ಹತ್ತಬೇಕು ಅಂತ ಗೊತ್ತಾಗಲಿಲ್ಲ. ವಾಪಸ್ ಬಂದೆ. ನಿಂಗೆ ಬಸ್ಸಿನ ಹೆಸರೆಲ್ಲ ಓದೋಕೆ ಬರುತ್ತೆ ತಾನೆ?”

“ಬರುತ್ತೆ.”

“ಹಾಗಾದ್ರೆ ಸರಿ.”

*

ಸಮಾರಂಭದ ದಿನ ಅತ್ತೆ ತಾವೇ ಒಳ್ಳೆಯ ಬಟ್ಟೆ ಉಟ್ಟು ಹೊರಟು ನಿಂತರು. ವೇದಿಕೆ ಹತ್ತಲಿಲ್ಲ, ಸೊಸೆ, ಮೊಮ್ಮಗಳ ನಡುವೆ ಕೊನೆಯ ಸಾಲಿನಲ್ಲಿ ಕೂತರು. ಹೊಸ ಮರದ ವಾಸನೆ, ಮೈಕಿನ ಕಿರುಚಾಟ, ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತ ಕಲಿಯುವ ಹುಡುಗ ಹುಡುಗಿಯರು. ಗೋಡೆಯ ಮೇಲೆ ಫೋಟೊ ಇತ್ತು, ಬಾಗಿಲ ಮೇಲೆ ಹೆಸರೂ ಇತ್ತು. ಅಷ್ಟು ಮುಂದೆ ಹೋದದ್ದನ್ನು ಯಾರೂ ಹಿಂದಕ್ಕೆ ಎಳೆದಿರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಉಳಿ, ಗರಗಸ, ಸುತ್ತಿಗೆ ಇದ್ದವು. ಅಳತೆಪಟ್ಟಿ ಇರಲಿಲ್ಲ.

ಸಂಘದ ಅಧ್ಯಕ್ಷರು ದೊಡ್ಡ ಮೇಸ್ತ್ರಿಯನ್ನು ದೇವರ ಪಕ್ಕಕ್ಕೆ ಕೂರಿಸಿ ಮಾತು ಮುಗಿಸಿದರು. ಆಮೇಲೆ ಮಗ ಎದ್ದ. ಮೈಕು ಹಿಡಿದು ಕೊನೆಯ ಸಾಲಿನತ್ತ ನೋಡಿದ.

“ನಮ್ಮಪ್ಪ ಒಳ್ಳೆ ಬಡಗಿ,” ಎಂದ. “ಮರದ ವಿಷಯದಲ್ಲಿ ನಂಗೆ ಗೊತ್ತಿರೋದೆಲ್ಲ ಅವರಿಂದ ಕಲಿತದ್ದು. ಮಿಕ್ಕಿದ್ದನ್ನ ನಮ್ಮಮ್ಮನಿಂದ ಕಲಿತೆ. ಇಲ್ಲಿ ಕಲಿಯೋಕೆ ಬಂದಿರೋ ಮಕ್ಕಳಿಗೆ ಒಂದೇ ಮಾತು. ಹತಾರ ಹಿಡಿದ ಕೈಲಿ ಸಿಟ್ಟು ಇರಬಾರದು.”

ಇನ್ನೂ ಏನೋ ಹೇಳುತ್ತಾನೆಂದು ಜನ ಕಾದರು. ಅವನು ಇಳಿದು ಬಂದ. ಚಪ್ಪಾಳೆ ತಡವಾಗಿ ಶುರುವಾಯಿತು. ಅತ್ತೆ ಸೊಸೆಯ ಕೈ ಹಿಡಿದುಕೊಂಡರು. ಮನೆಗೆ ಹೊರಡುವವರೆಗೂ ಬಿಡಲಿಲ್ಲ.

ಸಂಜೆ ಮನೆಯಲ್ಲಿ ಅವನು ಬಟ್ಟೆ ಬದಲಿಸಿ ಶೆಡ್ಡಿಗೆ ಹೋದ. ಸ್ವಲ್ಪ ಹೊತ್ತಿಗೆ ಅತ್ತೆಯೂ ಗೋಡೆ ಹಿಡಿದುಕೊಂಡು ಅತ್ತ ನಡೆದರು. ಸೊಸೆ ಇಬ್ಬರಿಗೂ ಚಹಾ ಮಾಡಿಕೊಂಡು ಶೆಡ್ಡಿನ ಬಾಗಿಲವರೆಗೆ ಬಂದಾಗ, ಅತ್ತೆ ಹಲಗೆಗಳ ರಾಶಿಯ ಮೇಲೆ ಕೂತಿದ್ದರು. ಅವನು ಬೆನ್ನು ತಿರುಗಿಸಿ ನಿಂತು ಉಳಿ ಮಸೆಯುತ್ತಿದ್ದ.

“ಅಮ್ಮ.”

“ಹೂಂ.”

“ನಾನಾಗ ಎಲ್ಲಿರ್ತಿದ್ದೆ?”

“ನೀನಾ? ಮಂಚದ ಕೆಳಗೆ.”

ಮಸೆಯುವ ಸದ್ದು ನಿಂತಿತು.

“ಅವರು ಆಚೆ ಹೋದ ಮೇಲೆ ನೀನು ಈಚೆ ಬರ್ತಿದ್ದೆ,” ಎಂದರು ಅತ್ತೆ. “ಲೋಟದಲ್ಲಿ ನೀರು ತರ್ತಿದ್ದೆ. ಎರಡೂ ಕೈಲಿ ಹಿಡ್ಕೊಂಡು, ದಾರಿಯುದ್ದ ಅರ್ಧ ಚೆಲ್ಕೊಂಡು. ಕುಡಿ ಅಮ್ಮ, ಕುಡಿ ಅಮ್ಮ ಅಂತಿದ್ದೆ. ನಾನು ಪೂರ್ತಿ ಕುಡಿಯೋವರೆಗೂ ಕದಲ್ತಿರಲಿಲ್ಲ. ಇಷ್ಟೇ ಇಷ್ಟಿದ್ದೆ.”

“ನಂಗೆ ನೆನಪೇ ಇಲ್ಲಮ್ಮ.”

“ಗೊತ್ತು. ನಿಂಗೆ ಹೇಳಬೇಕು ಹೇಳಬೇಕು ಅಂತ ಎಷ್ಟು ಸಲ ಅನ್ಕೊಂಡೆ. ಆದ್ರೆ ಅದನ್ನ ಹೇಳಬೇಕು ಅಂದ್ರೆ ಇದನ್ನೂ ಹೇಳಬೇಕಾಗ್ತಿತ್ತಲ್ಲಪ್ಪ.”

ಅವನು ಉಳಿಯನ್ನು ಕೆಳಗಿಟ್ಟ. ಅಮ್ಮನ ಪಕ್ಕದಲ್ಲಿ, ಹಲಗೆಗಳ ಮೇಲೆ, ಮರದ ಪುಡಿ ಮೆತ್ತಿದ ಕೈಗಳನ್ನು ಮುಖಕ್ಕೆ ಒತ್ತಿಕೊಂಡು ಕೂತ. ಅತ್ತೆ ಎತ್ತಲು ಬರುವ ಬಲಗೈಯನ್ನು ಅವನ ಬೆನ್ನಿನ ಮೇಲಿಟ್ಟು, “ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯಾ?” ಎಂದರು.

ಚಹಾ ಆರಿದರೆ ಮತ್ತೆ ಬಿಸಿ ಮಾಡಿದರಾಯಿತು ಎಂದುಕೊಂಡು ಸೊಸೆ ಬಾಗಿಲಿನಿಂದಲೇ ಹಿಂದಿರುಗಿದಳು.